ಲ್ಯಾಮಿನೇಶನ್ ಯಂತ್ರಕ್ಕೆ ಗ್ರೀಸ್, ಎಣ್ಣೆ ಮತ್ತು ಹೊಂದಾಣಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪುಸ್ತಕದ ರಕ್ಷಾಪುಟ, ಔಷಧಿಯ ಡಬ್ಬಿ, ಸೀರೆಯ ಪೆಟ್ಟಿಗೆ ಇವುಗಳಿಗೆ ಹೊಳಪು ಕೊಡುವ ತೆಳುವಾದ ಪ್ಲಾಸ್ಟಿಕ್ ಪದರವನ್ನು (ಫಿಲ್ಮನ್ನು) ಉಕ್ಕಿನ ಬಿಸಿ ರೋಲರ್ ಮತ್ತು ರಬ್ಬರ್ ರೋಲರಿನ ನಡುವೆ ಬಿಸಿ ಮತ್ತು ಒತ್ತಡದಿಂದ ಅಂಟಿಸುವ ಥರ್ಮಲ್ ಲ್ಯಾಮಿನೇಶನ್ ಯಂತ್ರಗಳ ರಿಪೇರಿ ಮತ್ತು ನಿರ್ವಹಣೆ ನನ್ನ ಕಸುಬು. ಬೆಂಗಳೂರಿನ ಪ್ರೆಸ್ಸುಗಳಲ್ಲಿ ಆಪರೇಟರುಗಳು, ಹೆಲ್ಪರುಗಳು ಮತ್ತು ಮಾಲೀಕರು ಮಾತಿನ ನಡುವೆ ಕೇಳಿದ, ಕೆಲವರು ಪತ್ರ ಬರೆದು ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇನೆ. ನಿಮ್ಮ ಯಂತ್ರದ ಕೈಪಿಡಿಯಲ್ಲಿ ಬೇರೆ ಅಳತೆ ಇದ್ದರೆ ಕೈಪಿಡಿಯ ಅಳತೆಯನ್ನೇ ಅನುಸರಿಸಬೇಕು.

## ಕೈ ಹಾಕುವ ಮುನ್ನ

ಮೆಷಿನ್ ನಿಲ್ಲಿಸಿದ್ರೆ ಕೆಲಸ ನಿಲ್ಲುತ್ತೆ ಸಾರ್. ಓಡ್ತಿರುವಾಗಲೇ ಚೈನಿಗೆ ಎರಡು ಹನಿ ಎಣ್ಣೆ ಬಿಟ್ರೆ ಏನು ತಪ್ಪು?

ನಾನು ಕಂಡ ಕೈ ಅಪಘಾತಗಳಲ್ಲಿ ಹೆಚ್ಚಿನವು ಈ ಎರಡು ಹನಿಯ ಹೊತ್ತಿನಲ್ಲೇ ಆದವು. ಯಂತ್ರ ನಿಮಿಷಕ್ಕೆ 30 ಮೀಟರ್ ವೇಗದಲ್ಲಿ ಓಡುತ್ತಿದೆ ಎಂದರೆ ರೋಲರಿನ ಮೈ ಸೆಕೆಂಡಿಗೆ ಅರ್ಧ ಮೀಟರ್ ಸರಿಯುತ್ತಿದೆ. ಅಂಗಿಯ ತೋಳಿನ ಅಂಚು ಎರಡು ರೋಲರುಗಳು ಒಳಮುಖವಾಗಿ ಕೂಡುವ ಜಾಗಕ್ಕೆ ಸಿಕ್ಕಿದರೆ, ಸಿಕ್ಕಿದೆ ಎಂದು ತಿಳಿದು ಕೈಯನ್ನು ಹಿಂದಕ್ಕೆಳೆಯುವಷ್ಟರಲ್ಲಿ ಮೊಣಕೈವರೆಗೂ ಒಳಗೆ ಹೋಗಿರುತ್ತದೆ. ಲ್ಯಾಮಿನೇಶನ್ ಯಂತ್ರದಲ್ಲಿ ಕೈ ಜಜ್ಜುವುದಷ್ಟೇ ಅಲ್ಲ, ನೂರು ಡಿಗ್ರಿಯ ಆಸುಪಾಸಿನ ರೋಲರಿಗೆ ಒತ್ತಿಕೊಂಡು ಸುಡುತ್ತಲೂ ಇರುತ್ತದೆ.

1948ರ ಕಾರ್ಖಾನೆಗಳ ಕಾಯ್ದೆಯ 22ನೇ ಕಲಂ ಓಡುತ್ತಿರುವ ಯಂತ್ರದ ಬಳಿಯ ಕೆಲಸವನ್ನು ವಿಶೇಷ ತರಬೇತಿ ಪಡೆದ, ಮೈಗೆ ಅಂಟುವ ಉಡುಪು ತೊಟ್ಟ, ರಿಜಿಸ್ಟರಿನಲ್ಲಿ ಹೆಸರು ದಾಖಲಾದ ವಯಸ್ಕನಿಗೆ ಮಾತ್ರ ಸೀಮಿತಗೊಳಿಸಿತ್ತು. ಆ ಕಾಯ್ದೆಯನ್ನು ಕೆಲಸದ ಸುರಕ್ಷತೆ ಮತ್ತು ಆರೋಗ್ಯಕ್ಕೆ ಸಂಬಂಧಿಸಿದ 2020ರ ಸಂಹಿತೆಯೊಳಗೆ ಸೇರಿಸಲಾಗಿದೆ. ಕಾನೂನಿನ ಮಾತು ಹಾಗಿರಲಿ, ಲ್ಯಾಮಿನೇಶನ್ ಯಂತ್ರದಲ್ಲಿ ಓಡುತ್ತಿರುವಾಗಲೇ ಎಣ್ಣೆ ಹಾಕಬೇಕಾದ ಒಂದು ಜಾಗವೂ ಇಲ್ಲ. ಅಂತಹ ಜಾಗವಿದೆ ಎನ್ನಿಸಿದರೆ ಒಂದು ತಾಮ್ರದ ಕೊಳವೆ ಎಳೆದು ಗ್ರೀಸ್ ನಿಪ್ಪಲನ್ನು (ಗ್ರೀಸ್ ತುಂಬುವ ಬಾಯಿಯನ್ನು) ಗಾರ್ಡಿನ, ಎಂದರೆ ರಕ್ಷಣಾ ಕವಚದ, ಹೊರಗೆ ತರುವುದು ಅರ್ಧ ದಿನದ ಕೆಲಸ.

ಎಮರ್ಜೆನ್ಸಿ ಬಟನ್ ಒತ್ತಿದೀನಿ. ಅಷ್ಟು ಸಾಲದೇ?

ಸಾಲದು. ಕೆಂಪು ಗುಂಡಿ ಯಂತ್ರವನ್ನು ನಿಲ್ಲಿಸುತ್ತದೆ. ಇನ್ನೊಬ್ಬರು ಅದನ್ನು ತಿರುಗಿಸಿ ಬಿಡುಗಡೆ ಮಾಡುವುದನ್ನು ಅದು ತಡೆಯುವುದಿಲ್ಲ. ಹಲವು ವರ್ಷಗಳ ಹಿಂದೆ ಒಂದು ಪ್ರೆಸ್ಸಿನಲ್ಲಿ ನಾನು ಮೇನ್ ಸ್ವಿಚ್ ಆರಿಸಿ, ಅದರ ಹಿಡಿಗೆ ‘ಕೆಲಸ ನಡೆಯುತ್ತಿದೆ’ ಎಂದು ಬರೆದ ರಟ್ಟನ್ನು ದಾರದಲ್ಲಿ ಕಟ್ಟಿ ಗ್ರೀಸ್ ಹಾಕುತ್ತಿದ್ದೆ. ಫ್ಯಾನಿನ ಗಾಳಿಗೆ ರಟ್ಟು ಕಳಚಿ ಬಿದ್ದಿತ್ತು. ಮಧ್ಯಾಹ್ನದ ಪಾಳಿಗೆ ಬಂದ ಹುಡುಗ ಎಂದಿನಂತೆ ಮೇನ್ ಹಾಕಿದ. ಆ ಹಳೆಯ ಯಂತ್ರದ ಚಾಲನಾ ಸ್ವಿಚ್ಚನ್ನು ಯಾರೋ ಆನ್ ಆಗಿಯೇ ಬಿಟ್ಟಿದ್ದರು. ರೋಲರ್ ಕಾಲು ಸುತ್ತು ತಿರುಗಿ ಗ್ರೀಸ್ ಗನ್ನಿನ ರಬ್ಬರ್ ಕೊಳವೆಯನ್ನು ನನ್ನ ಕೈಯಿಂದ ಕಿತ್ತು ಒಳಗೆಳೆದುಕೊಂಡಿತು. ಕೈ ನಿಪ್ಪಲಿನಿಂದ ಒಂದು ಗೇಣು ಈಚೆಗಿತ್ತು. ಅಂದಿನಿಂದ ನನ್ನ ಚೀಲದಲ್ಲಿ ನನ್ನದೇ ಬೀಗವಿದೆ, ಅದರ ಕೀಲಿ ಒಂದೇ, ಮತ್ತು ಕೆಲಸ ಮುಗಿಯುವವರೆಗೆ ಅದು ನನ್ನ ಜೇಬಿನಲ್ಲಿರುತ್ತದೆ.

ಅನುಕ್ರಮ ಹೀಗಿರಬೇಕು. ಹೀಟರ್ ಆರಿಸಿ, ರೋಲರುಗಳನ್ನು ಬಿಡಿಸಿ, ಯಂತ್ರವನ್ನು ನಿಲ್ಲಿಸಿ. ಮೇನ್ ಐಸೋಲೇಟರ್ (ವಿದ್ಯುತ್ ಪೂರ್ತಿ ಕಡಿಯುವ ಮುಖ್ಯ ಸ್ವಿಚ್) ಇಳಿಸಿ ಬೀಗ ಹಾಕಿ. ಗಾಳಿಯ ವಾಲ್ವ್ ಮುಚ್ಚಿ, ಕೊಳವೆಯಲ್ಲಿ ಉಳಿದ ಗಾಳಿಯನ್ನು ಹೊರಬಿಟ್ಟು, ಗೇಜಿನ ಮುಳ್ಳು ಸೊನ್ನೆಗೆ ಬಂದಿರುವುದನ್ನು ಕಣ್ಣಾರೆ ನೋಡಿ. ಹೈಡ್ರಾಲಿಕ್ ಪಂಪಿರುವ ಯಂತ್ರವಾದರೆ ಅದರ ಒತ್ತಡವನ್ನೂ ಹಾಗೆಯೇ ಇಳಿಸಿ. ಎತ್ತಿ ನಿಲ್ಲಿಸಿದ ರೋಲರ್ ತನ್ನ ಭಾರಕ್ಕೆ ಕುಸಿಯದಂತೆ ಅಡ್ಡಗಟ್ಟೆ ಕೊಡಿ. ವಿದ್ಯುತ್ ಪೆಟ್ಟಿಗೆ ತೆರೆಯಬೇಕಿದ್ದರೆ ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್ ಮೇಲೆ ಬರೆದಿರುವಷ್ಟು ಹೊತ್ತು, ಸಾಮಾನ್ಯವಾಗಿ 5ರಿಂದ 10 ನಿಮಿಷ, ಕಾಯಿರಿ. ಅದರೊಳಗಿನ ಕೆಪ್ಯಾಸಿಟರುಗಳಲ್ಲಿ ಕರೆಂಟ್ ತೆಗೆದ ಮೇಲೂ ಕೊಲ್ಲುವಷ್ಟು ವಿದ್ಯುತ್ ಉಳಿದಿರುತ್ತದೆ. ಕೊನೆಗೆ, ಯಾರೂ ಯಂತ್ರದ ಹತ್ತಿರವಿಲ್ಲ ಎಂದು ನೋಡಿಕೊಂಡು, ಸ್ಟಾರ್ಟ್ ಗುಂಡಿ ಒತ್ತಿ ಪರೀಕ್ಷಿಸಿ. ಯಂತ್ರ ಸ್ವಲ್ಪವೂ ಅಲ್ಲಾಡಬಾರದು. ಬೇರೆ ಯಾವುದೋ ಸ್ವಿಚ್ಚಿಗೆ ಬೀಗ ಹಾಕಿ ನಿಶ್ಚಿಂತರಾದವರನ್ನು ನಾನು ಕಂಡಿದ್ದೇನೆ. ಆ ತಪ್ಪು ಗೊತ್ತಾಗುವುದು ಈ ಪರೀಕ್ಷೆಯಿಂದ ಮಾತ್ರ.

ಬಿಸಿ ಇರುವಾಗ ನಿಲ್ಲಿಸಿದ್ರೆ ರಬ್ಬರ್ ರೋಲರ್ ಹಾಳಾಗುತ್ತೆ ಅಂತಾರೆ. ಹಾಗಾದ್ರೆ ತಣಿಸೋದು ಹೇಗೆ?

ಹಾಗೆನ್ನುವವರು ಸರಿಯಾಗಿಯೇ ಹೇಳುತ್ತಾರೆ. ಬಿಸಿ ಉಕ್ಕಿನ ರೋಲರಿಗೆ ಒತ್ತಿಕೊಂಡೇ ನಿಂತರೆ ರಬ್ಬರ್ ಒಂದು ಗೆರೆಯಲ್ಲಿ ಚಪ್ಪಟೆಯಾಗುತ್ತದೆ, ಆ ಗೆರೆ ಆಮೇಲೆ ಪ್ರತಿ ಸುತ್ತಿಗೂ ಹಾಳೆಯ ಮೇಲೆ ಮೂಡುತ್ತದೆ. ಆದ್ದರಿಂದ ಹೀಟರ್ ಆರಿಸಿದ ಮೇಲೆ ಒತ್ತಡ ತೆಗೆದು, ರೋಲರುಗಳ ನಡುವೆ ಅಂತರ ಬಿಟ್ಟು, ಗಾರ್ಡುಗಳು ಅವುಗಳ ಜಾಗದಲ್ಲೇ ಇರುವಂತೆ ನಿಧಾನ ವೇಗದಲ್ಲಿ ಓಡಿಸಿ ತಣಿಸಬೇಕು. ದಪ್ಪ ಗೋಡೆಯ, ಒಳಗೆ ಎಣ್ಣೆ ತುಂಬಿದ ರೋಲರಿಗೆ ಗಂಟೆಗಳೇ ಹಿಡಿಯಬಹುದು, ಹಾಗಾಗಿ ಗಡಿಯಾರವನ್ನು ನಂಬದೆ ತಾಪಮಾನವನ್ನು ಅಳೆಯಿರಿ. 50 ಡಿಗ್ರಿಗಿಂತ ಬಿಸಿಯಾದ ಲೋಹವನ್ನು ಒಂದು ನಿಮಿಷ ಮುಟ್ಟಿಕೊಂಡಿದ್ದರೂ ಚರ್ಮ ಸುಡುತ್ತದೆ. 45ಕ್ಕೆ ಇಳಿಯುವವರೆಗೆ ನಾನು ಬರಿಗೈ ಇಡುವುದಿಲ್ಲ.

ಇಲ್ಲಿ ಒಂದು ಮೋಸವಿದೆ. ಹೊಳೆಯುವ ಕ್ರೋಮ್ ಮೇಲೆ ಇನ್‌ಫ್ರಾರೆಡ್ ಗನ್ ಹಿಡಿದರೆ ನಿಜವಾದ ಬಿಸಿಗಿಂತ ಬಹಳ ಕಡಿಮೆ ತೋರಿಸುತ್ತದೆ, ಏಕೆಂದರೆ ನಯವಾದ ಲೋಹ ತನ್ನ ಶಾಖವನ್ನು ಹೊರಸೂಸುವುದಕ್ಕಿಂತ ಎದುರಿನ ಗೋಡೆಯ ಶಾಖವನ್ನು ಪ್ರತಿಫಲಿಸುವುದೇ ಹೆಚ್ಚು. ರೋಲರ್ ನಿಂತಿರುವಾಗ ಹಾಳೆ ಹೋಗದ ಅಂಚಿನಲ್ಲಿ ಒಂದು ತುಂಡು ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಗುರಿಯಿಟ್ಟು ಅಳೆಯಬೇಕು.

ಗ್ಲೌಸ್ ಹಾಕ್ಕೊಂಡ್ರೆ ಸೇಫ್ ಅಲ್ವಾ?

ನಿಂತ ಯಂತ್ರದ ಬಿಸಿ ಭಾಗವನ್ನು ಹಿಡಿಯಲು ಕೈಗವಸು ಬೇಕು. ತಿರುಗುವ ರೋಲರಿನ ಹತ್ತಿರ ಮಾತ್ರ ಅದು ಅಪಾಯಕಾರಿ, ಏಕೆಂದರೆ ಬೆರಳಿಗಿಂತ ಮೊದಲು ಗವಸಿನ ತುದಿ ಒಳಗೆ ಸಿಕ್ಕಿ ಬೆರಳನ್ನು ಎಳೆದೊಯ್ಯುತ್ತದೆ. ಉಂಗುರ, ಕೈಗಡಿಯಾರ, ಕೈಗೆ ಕಟ್ಟಿದ ದೇವರ ದಾರ, ಜೋತಾಡುವ ಗುರುತಿನ ಚೀಟಿ, ವೇಲ್ ಇವಕ್ಕೂ ಇದೇ ಮಾತು ಅನ್ವಯಿಸುತ್ತದೆ. ದಾರವನ್ನು ಬಿಚ್ಚಲು ಮನಸ್ಸಾಗದಿದ್ದರೆ ತೋಳಿನೊಳಗೆ ಸೇರಿಸಿ ತೋಳಿನ ಗುಂಡಿಯನ್ನು ಬಿಗಿಯಾಗಿ ಹಾಕಿಕೊಳ್ಳಲಿ.

## ಗ್ರೀಸ್ ಮತ್ತು ಎಣ್ಣೆ

ಹೀಟ್ ರೋಲರ್ ಬೇರಿಂಗಿಗೆ ಅಂಗಡಿಯ ಮಾಮೂಲಿ ಗ್ರೀಸ್ ಹಾಕಿದ್ರೆ ಕರಗಿ ಸುರಿಯುತ್ತೆ. ಯಾವುದು ಹಾಕಬೇಕು?

ವಾಹನದ ಚಕ್ರಗಳಿಗೆ ಹಾಕುವ ಸಾಮಾನ್ಯ ಲಿಥಿಯಂ ಗ್ರೀಸ್ 120 ಡಿಗ್ರಿಯ ಆಸುಪಾಸಿನಲ್ಲಿ ಕೈಕೊಡುತ್ತದೆ. ರೋಲರಿನ ಮೈ 100ರಿಂದ 110 ಡಿಗ್ರಿಯಲ್ಲಿ ಓಡುವಾಗ ಶಾಫ್ಟಿನ ಮೂಲಕ ಬೇರಿಂಗಿಗೆ ಬರುವ ಬಿಸಿ ಅದಕ್ಕಿಂತ ಕೊಂಚ ಕಡಿಮೆಯಿದ್ದರೂ, ಹಗಲಿರುಳು ಓಡುವ ಯಂತ್ರದಲ್ಲಿ ಎಣ್ಣೆ ಆವಿಯಾಗಿ ಗ್ರೀಸಿನ ಸೋಪು (ಎಣ್ಣೆಯನ್ನು ಹಿಡಿದಿಡುವ ವಸ್ತು) ಮಾತ್ರ ಒಣಗಿ ಕಲ್ಲಾಗುತ್ತದೆ. ಇಲ್ಲಿ ಲಿಥಿಯಂ ಕಾಂಪ್ಲೆಕ್ಸ್ ಅಥವಾ ಪಾಲಿಯೂರಿಯಾ ಗ್ರೀಸ್ ಬಳಸಬೇಕು. ಡಬ್ಬಿಯ ಮೇಲಿನ ‘ಡ್ರಾಪಿಂಗ್ ಪಾಯಿಂಟ್ 260 ಡಿಗ್ರಿ’ ಎಂಬ ಬರಹ ನೋಡಿ ಅಷ್ಟು ಬಿಸಿಗೂ ನಡೆಯುತ್ತದೆ ಎಂದುಕೊಳ್ಳಬಾರದು. ಅದು ಗ್ರೀಸ್ ಕರಗಿ ತೊಟ್ಟಿಕ್ಕುವ ಬಿಸಿ. ಕೆಲಸದ ತಾಪಮಾನದ ಮಿತಿಯನ್ನು ತಯಾರಕರ ಮಾಹಿತಿ ಹಾಳೆಯಲ್ಲಿ ಬೇರೆಯಾಗಿಯೇ ಬರೆದಿರುತ್ತಾರೆ.

ಹಳೆಯದರ ಮೇಲೆ ಹೊಸ ಜಾತಿಯ ಗ್ರೀಸ್ ತುಂಬುವುದೂ ತಪ್ಪು. ಲಿಥಿಯಂ ಮತ್ತು ಪಾಲಿಯೂರಿಯಾ ಬೆರೆತರೆ ಹಲವು ಸಲ ಎರಡೂ ಸಡಿಲವಾಗಿ ಹರಿದುಹೋಗುತ್ತವೆ. ಜಾತಿ ಬದಲಿಸುವಾಗ ಬೇರಿಂಗ್ ಬಿಚ್ಚಿ, ತೊಳೆದು, ಒಣಗಿಸಿ ತುಂಬಿ, ಬೇರಿಂಗ್ ಕೂರುವ ಮನೆಯ (ಹೌಸಿಂಗಿನ) ಮೇಲೆ ಗ್ರೀಸಿನ ಹೆಸರು ಬರೆದ ಚೀಟಿ ಅಂಟಿಸಿ.

ಎಷ್ಟು ಪಂಪ್ ಹೊಡೀಬೇಕು? ಪಕ್ಕದಿಂದ ಹೊಸ ಗ್ರೀಸ್ ಬರೋವರೆಗೂ ಅಂತ ನಮ್ಮ ಮೇಸ್ತ್ರಿ ಹೇಳ್ತಾರೆ.

ಹೆಚ್ಚು ಗ್ರೀಸಿನಿಂದ ಸತ್ತ ಬೇರಿಂಗುಗಳನ್ನು ನಾನು ಬೇಕಾದಷ್ಟು ಬಿಚ್ಚಿದ್ದೇನೆ. ಒಳಗೆ ಜಾಗವಿಲ್ಲದಂತೆ ತುಂಬಿದರೆ ಗುಂಡುಗಳು ಗ್ರೀಸನ್ನೇ ಕಡೆಯುತ್ತವೆ, ಬೇರಿಂಗ್ ಬಿಸಿಯೇರುತ್ತದೆ, ಸೀಲ್ ಹೊರಕ್ಕೆ ತಳ್ಳಲ್ಪಡುತ್ತದೆ. ಲೆಕ್ಕ ಸುಲಭ: ಬೇರಿಂಗಿನ ಹೊರವ್ಯಾಸ ಮತ್ತು ಅಗಲವನ್ನು ಮಿಲಿಮೀಟರಿನಲ್ಲಿ ಗುಣಿಸಿ, ಬಂದದ್ದನ್ನು 0.005ರಿಂದ ಗುಣಿಸಿದರೆ ಒಂದು ಸಲ ಮರುತುಂಬಬೇಕಾದ ಗ್ರೀಸ್ ಗ್ರಾಮಿನಲ್ಲಿ ಸಿಗುತ್ತದೆ. 40 ಮಿ.ಮೀ. ಶಾಫ್ಟಿಗೆ ಕೂರುವ 6208 ಬೇರಿಂಗಿನ ಹೊರವ್ಯಾಸ 80, ಅಗಲ 18. ಅದಕ್ಕೆ ಬೇಕಾದದ್ದು ಸುಮಾರು 7 ಗ್ರಾಂ.

ನಿಮ್ಮ ಗನ್ ಒಂದು ಪಂಪಿಗೆ ಎಷ್ಟು ಕೊಡುತ್ತದೆ ಎಂದು ತಿಳಿಯಲು ಒಂದು ಹಾಳೆಯ ಮೇಲೆ ಹತ್ತು ಪಂಪ್ ಹೊಡೆದು ತಕ್ಕಡಿಯಲ್ಲಿಟ್ಟು ತೂಗಿ. ಕೈ ಗನ್ನುಗಳಲ್ಲಿ ಸಾಮಾನ್ಯವಾಗಿ ಪಂಪಿಗೆ 1 ಗ್ರಾಮಿನ ಆಸುಪಾಸು ಬರುತ್ತದೆ. ಆ ಸಂಖ್ಯೆಯನ್ನು ಗನ್ನಿನ ಮೇಲೆಯೇ ಬಣ್ಣದಲ್ಲಿ ಬರೆದಿಟ್ಟರೆ ಮೇಸ್ತ್ರಿ ಬದಲಾದರೂ ಲೆಕ್ಕ ಬದಲಾಗುವುದಿಲ್ಲ. ನಿಪ್ಪಲನ್ನು ಒರೆಸದೆ ಗನ್ ಇಡಬೇಡಿ. ಅದರ ತುದಿಯಲ್ಲಿ ಕುಳಿತ ಕಾಗದದ ಧೂಳು ಗ್ರೀಸಿಗಿಂತ ಮೊದಲೇ ಬೇರಿಂಗಿನೊಳಗೆ ಹೋಗುತ್ತದೆ.

ತಿಂಗಳಿಗೊಮ್ಮೆ ಎಲ್ಲದಕ್ಕೂ ಒಂದೇ ಸಲ ಗ್ರೀಸ್ ಹಾಕಿದ್ರೆ ಸಾಕಾ?

ತಣ್ಣನೆಯ ರೋಲರಿಗೂ ಬಿಸಿ ರೋಲರಿಗೂ ಒಂದೇ ಅವಧಿ ಇರಲಾರದು. ಬೇರಿಂಗಿನ ಬಿಸಿ 70 ಡಿಗ್ರಿ ದಾಟಿದ ಮೇಲೆ ಪ್ರತಿ 15 ಡಿಗ್ರಿಗೆ ಗ್ರೀಸಿನ ಅವಧಿ ಅರ್ಧವಾಗುತ್ತದೆ ಎಂಬುದು ಬೇರಿಂಗ್ ತಯಾರಕರೇ ಒಪ್ಪಿದ ಲೆಕ್ಕ. 70 ಡಿಗ್ರಿಯಲ್ಲಿ ಎಂಟು ವಾರ ಬಾಳುವ ಗ್ರೀಸ್ 100 ಡಿಗ್ರಿಯಲ್ಲಿ ಎರಡು ವಾರಕ್ಕೇ ಮುಗಿಯುತ್ತದೆ. ಎರಡೂ ಕಡೆ ಮುಚ್ಚಿದ, ನಿಪ್ಪಲಿಲ್ಲದ ಚಿಕ್ಕ ಗೈಡ್ ರೋಲರ್ ಬೇರಿಂಗುಗಳಿಗೆ ಏನೂ ಹಾಕಬೇಕಾಗಿಲ್ಲ. ಸದ್ದು ಮಾಡಿದರೆ ಬದಲಿಸಿ.

ಚೈನಿಗೆ ಗ್ರೀಸ್ ಒಳ್ಳೇದೋ ಎಣ್ಣೆ ಒಳ್ಳೇದೋ? ಎಷ್ಟು ಬಿಗಿ ಇರಬೇಕು?

ಎಣ್ಣೆಯೇ ಬೇಕು. ಚೈನ್ ಸವೆಯುವುದು ಹೊರಮೈಯಲ್ಲಲ್ಲ, ಪಿನ್ ಮತ್ತು ಬುಷ್ ನಡುವೆ. ಗ್ರೀಸ್ ಅಲ್ಲಿಗೆ ಇಳಿಯದೆ ಮೇಲೆ ಕುಳಿತು ಕಾಗದದ ಧೂಳನ್ನು ಹಿಡಿದು ಅರದಂತೆ ಪಿನ್ನನ್ನೇ ಉಜ್ಜುತ್ತದೆ. ಯಂತ್ರಕ್ಕೆ ಬೀಗ ಹಾಕಿದ ಮೇಲೆ ಚೈನನ್ನು ಬ್ರಷ್ಷಿನಿಂದ ಶುಚಿಮಾಡಿ, ಐಎಸ್‌ಒ ವಿಜಿ (ಎಣ್ಣೆಯ ಮಂದತೆಯ ಅಳತೆ) 100 ಅಥವಾ 150 ದರ್ಜೆಯ ಎಣ್ಣೆಯನ್ನು ಕೆಳಗಿನ ಎಳೆಯ ಒಳಮಗ್ಗುಲಿಗೆ, ಕೊಂಡಿಯ ಪಕ್ಕದ ಪಟ್ಟಿಗಳು ಒಂದರ ಮೇಲೊಂದು ಕೂರುವ ಅಂಚಿಗೆ ಬಿಡಿ. ಹತ್ತು ನಿಮಿಷ ಬಿಟ್ಟು ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿ ತೆಗೆಯಿರಿ. ಒರೆಸದೆ ಬಿಟ್ಟರೆ ಮೊದಲ ಹತ್ತು ಹಾಳೆಗಳ ಮೇಲೆ ಕಲೆ ಖಂಡಿತ. ಬಿಸಿ ರೋಲರಿನ ಪಕ್ಕದ ಚೈನಿಗೆ ಹೆಚ್ಚು ಬಿಸಿ ತಡೆಯುವ ಸಿಂಥೆಟಿಕ್ ಚೈನ್ ಎಣ್ಣೆ ಬೇಕು.

ಅಡ್ಡವಾಗಿ ಓಡುವ ಚೈನಿನ ಸಡಿಲು ಎಳೆ, ಎರಡು ಚಕ್ರಗಳ ನಡುವಿನ ದೂರದ ನೂರಕ್ಕೆ 2ರಷ್ಟು ಆಡಬೇಕು, 500 ಮಿ.ಮೀ. ದೂರವಿದ್ದರೆ 10 ಮಿ.ಮೀ. ಒಂದೇ ಜಾಗದಲ್ಲಿ ನೋಡಿ ಬಿಗಿಮಾಡದೆ ಚಕ್ರವನ್ನು ಕೈಯಿಂದ ತಿರುಗಿಸುತ್ತಾ ಅತಿ ಬಿಗಿಯಾಗುವ ಜಾಗವನ್ನು ಹುಡುಕಿ ಅಲ್ಲಿ ಹೊಂದಿಸಿ. ಅರ್ಧ ಇಂಚಿನ, ಎಂದರೆ 12.7 ಮಿ.ಮೀ. ಪಿಚ್ಚಿನ (ಪಿನ್ನಿನಿಂದ ಪಿನ್ನಿಗಿರುವ ದೂರದ) ಹೊಸ ಚೈನಿನಲ್ಲಿ 20 ಕೊಂಡಿಗಳು 254 ಮಿ.ಮೀ. ಬರುತ್ತವೆ. ಅದೇ 259 ಮುಟ್ಟಿದರೆ ಚೈನ್ ಸವೆದಿದೆ. ಇನ್ನು ಬಿಗಿಮಾಡುತ್ತಾ ಹೋಗುವುದು ಚಕ್ರದ ಹಲ್ಲುಗಳನ್ನು ತಿನ್ನಿಸಿದಂತೆ.

ಗೇರ್‌ಬಾಕ್ಸ್ ಎಣ್ಣೆ ಕಡಿಮೆ ಆಗಿದೆ. ಮನೇಲಿರೋ ಯಾವುದಾದ್ರೂ ಗೇರ್ ಆಯಿಲ್ ಸೇರಿಸ್ಲಾ?

ಮೊದಲು ಗೇರ್‌ಬಾಕ್ಸಿನ ಮೇಲಿನ ಫಲಕ ಓದಿ. ವರ್ಮ್ (ಸ್ಕ್ರೂವಿನಂತಹ ಗೇರು ಚಕ್ರವನ್ನು ತಿರುಗಿಸುವ) ಗೇರ್‌ಬಾಕ್ಸುಗಳಲ್ಲಿ ಕೆಲವು ಪಾಲಿಗ್ಲೈಕಾಲ್ ಎಂಬ ಸಿಂಥೆಟಿಕ್ ಎಣ್ಣೆಯಿಂದ ಬರುತ್ತವೆ, ಅದು ಖನಿಜ ಎಣ್ಣೆಯೊಂದಿಗೆ ಬೆರೆಯುವುದಿಲ್ಲ. ಲಾರಿಯ ಗೇರ್ ಎಣ್ಣೆಯಲ್ಲಿರುವ ಗಂಧಕದ ಸಂಯುಕ್ತಗಳು ಬಿಸಿಯಲ್ಲಿ ವರ್ಮ್ ಚಕ್ರದ ಕಂಚನ್ನು ತಿನ್ನಬಲ್ಲವು. ಮಟ್ಟವನ್ನು ಯಂತ್ರ ನಿಂತು ಎಣ್ಣೆ ಕೆಳಗಿಳಿದ ಮೇಲೆ ನೋಡಿ. ಹೊಸ ಗೇರ್‌ಬಾಕ್ಸಿನ ಮೇಲಿನ ಸಾಗಣೆಯ ಮುಚ್ಚಳವನ್ನು ತೆಗೆದು ಉಸಿರಾಡುವ ಮುಚ್ಚಳ ಹಾಕಿದ್ದೀರಾ ಎಂಬುದನ್ನೂ ನೋಡಿ. ಹಾಕದಿದ್ದರೆ ಒಳಗಿನ ಗಾಳಿ ಬಿಸಿಯಾಗಿ ಸೀಲನ್ನು ಹೊರದಬ್ಬುತ್ತದೆ. ‘ಹೊಸ ಗೇರ್‌ಬಾಕ್ಸ್ ಸೋರುತ್ತಿದೆ’ ಎಂದು ಬಂದ ಕರೆಗಳಲ್ಲಿ ಹಲವು ಸಲ ನಾನು ಕಂಡದ್ದು ಇದೇ ಕಾರಣ.

ಸಿಲಿಕೋನ್ ಸ್ಪ್ರೇ ಹೊಡೆದ್ರೆ ಎಲ್ಲಾ ಸಲೀಸು ಅಂತಾರೆ. ಹೊಡೀಬಹುದಾ?

ಲ್ಯಾಮಿನೇಶನ್ ವಿಭಾಗದೊಳಗೆ ಆ ಡಬ್ಬಿ ಬರಲೇಬಾರದು. ಸಿಲಿಕೋನ್ ಗಾಳಿಯಲ್ಲಿ ತೇಲಿ ಫಿಲ್ಮಿನ ಮೇಲೆ, ಹಾಳೆಯ ಮೇಲೆ ಕಣ್ಣಿಗೆ ಕಾಣದಂತೆ ಕೂರುತ್ತದೆ. ಆ ಜಾಗದಲ್ಲಿ ಅಂಟು ಹಿಡಿಯುವುದಿಲ್ಲ, ಮುಂದೆ ಅದರ ಮೇಲೆ ಸ್ಪಾಟ್ ಯುವಿ (ಆಯ್ದ ಜಾಗಕ್ಕೆ ಮಾತ್ರ ಬಳಿಯುವ ಹೊಳಪಿನ ವಾರ್ನಿಶ್) ಅಥವಾ ಫಾಯಿಲ್ ಹಾಕಿದರೆ ಮೀನಿನ ಕಣ್ಣಿನಂತಹ ತೂತುಗಳು ಬೀಳುತ್ತವೆ. ದ್ರಾವಕದಿಂದ ಎಷ್ಟು ಒರೆಸಿದರೂ ಅದು ಜರುಗುತ್ತದೆಯೇ ಹೊರತು ಸುಲಭವಾಗಿ ಹೋಗುವುದಿಲ್ಲ. ಗಿರಾಕಿಯ ಇಡೀ ಮಾಲು ವಾಪಸು ಬಂದ ಮೇಲೆ ಕಾರಣ ಹುಡುಕುತ್ತಾ ಹೋದರೆ, ಕಪಾಟಿನಲ್ಲಿ ಈ ಡಬ್ಬಿ ಸಿಕ್ಕಿದ ಅನುಭವ ನನಗೆ ಎರಡು ಸಲ ಆಗಿದೆ.

ಎಣ್ಣೆ ಸೋಕಲೇಬಾರದ ಜಾಗ ಯಾವುದು?

ವಿ-ಬೆಲ್ಟ್, ಫಿಲ್ಮ್ ಬಿಚ್ಚುವ ಶಾಫ್ಟಿನ ಬ್ರೇಕ್, ಪೌಡರ್ ಬ್ರೇಕಿನ (ಕಾಂತಕ್ಕೆ ಅಂಟುವ ಲೋಹದ ಪುಡಿಯಿಂದ ಹಿಡಿಯುವ ಬ್ರೇಕಿನ) ಒಳಭಾಗ, ಕ್ಲಚ್ ಮತ್ತು ರಬ್ಬರ್ ರೋಲರಿನ ಮೈ. ಎಣ್ಣೆ ಬಿದ್ದ ಬ್ರೇಕ್ ಪಟ್ಟಿ ಮೊದಲು ಜಾರಿ, ಆಮೇಲೆ ಒಮ್ಮೆಲೇ ಹಿಡಿದು ಫಿಲ್ಮ್ ಹರಿಯುತ್ತದೆ. ರಬ್ಬರಿನ ಜಾತಿಯಂತೆ ಖನಿಜ ಎಣ್ಣೆಗೆ ಅದು ಉಬ್ಬಬಹುದು. ರೋಲರಿಗೆ ತಗಲಿದ ಎಣ್ಣೆಯನ್ನು, ಯಂತ್ರ ನಿಂತು ತಣಿದ ಮೇಲೆ, ಐಸೊಪ್ರೊಪೈಲ್ ಆಲ್ಕೊಹಾಲ್ ತೇವ ಮಾಡಿದ ಬಟ್ಟೆಯಿಂದ ಒರೆಸಿ. ಬ್ಲೇಡಿನಿಂದ ಕೆರೆಯುವುದು ಬೇಡ, ಬಿಸಿ ರೋಲರಿನ ಹತ್ತಿರ ಆಲ್ಕೊಹಾಲ್ ಬೇಡವೇ ಬೇಡ. ಫಿಲ್ಮ್ ಬಿಚ್ಚಿಕೊಳ್ಳುವಾಗ ಹುಟ್ಟುವ ಸ್ಥಿರ ವಿದ್ಯುತ್ತಿನ ಒಂದು ಕಿಡಿ ಸಾಕು, ಅದರ ಆವಿ ಹೊತ್ತಿಕೊಳ್ಳುತ್ತದೆ. ಸ್ಟ್ಯಾಟಿಕ್ ತೆಗೆಯುವ ಸರಳಿನಲ್ಲಿ ಹಲವು ಸಾವಿರ ವೋಲ್ಟ್ ಇರುವುದರಿಂದ ಅದನ್ನೂ ಮೊದಲೇ ಆರಿಸಿರಬೇಕು.

ನಾವು ಬಿಸ್ಕತ್ತು, ಚಿಪ್ಸ್ ಕವರಿಗೆ ಲ್ಯಾಮಿನೇಶನ್ ಮಾಡ್ತೀವಿ. ಬೇರೆ ಗ್ರೀಸ್ ಬೇಕಾ?

ಬೇಕು. ಆಹಾರಕ್ಕೆ ತಾಗುವ ಪ್ಯಾಕಿಂಗ್ ಆಹಾರ ಸುರಕ್ಷತೆಯ 2018ರ ಪ್ಯಾಕೇಜಿಂಗ್ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಫಿಲ್ಮಿನ ಮೇಲ್ಭಾಗದಲ್ಲಿರುವ, ಹನಿ ಬೀಳುವ ಸಾಧ್ಯತೆಯಿರುವ ಬೇರಿಂಗ್ ಮತ್ತು ಚೈನುಗಳಿಗೆ ಎನ್‌ಎಸ್‌ಎಫ್ ಎಂಬ ಸಂಸ್ಥೆಯಲ್ಲಿ ಎಚ್1 ಎಂದು ನೋಂದಾಯಿತವಾದ ಗ್ರೀಸ್ ಮತ್ತು ಎಣ್ಣೆಯನ್ನೇ ಬಳಸಿ, ಅದಕ್ಕೆ ಬೇರೆ ಬಣ್ಣದ ಗನ್ ಇಡಿ. ಎಚ್1 ಎಂದರೆ ಅಕಸ್ಮಾತ್ ತಾಗಿದರೆ ಸಹಿಸಬಹುದಾದದ್ದು ಎಂದರ್ಥ, ಧಾರಾಳವಾಗಿ ಸುರಿಯಬಹುದಾದದ್ದು ಎಂದಲ್ಲ.

ಏರ್ ಲೈನಿನ ಎಣ್ಣೆ ಬಟ್ಟಲು ಖಾಲಿ ಇದೆ. ತುಂಬಲಾ?

ಗಾಳಿಯ ಬಲದಿಂದ ರೋಲರನ್ನು ಒತ್ತುವ ಈಚಿನ ಬಹಳಷ್ಟು ಸಿಲಿಂಡರುಗಳು ಕಾರ್ಖಾನೆಯಲ್ಲೇ ಗ್ರೀಸ್ ತುಂಬಿ ಬರುತ್ತವೆ, ಅವಕ್ಕೆ ಹೊರಗಿನ ಎಣ್ಣೆ ಬೇಡ. ಒಮ್ಮೆ ಎಣ್ಣೆ ಬಿಡಲು ಶುರುಮಾಡಿದರೆ ಆ ಗ್ರೀಸ್ ತೊಳೆದುಹೋಗುತ್ತದೆ, ಆಮೇಲೆ ನಿಲ್ಲಿಸುವಂತಿಲ್ಲ. ಮೊದಲಿನಿಂದಲೂ ಎಣ್ಣೆ ಬಿಡುತ್ತಿದ್ದ ಯಂತ್ರವಾದರೆ ವಿಜಿ 32 ಎಣ್ಣೆ ಹಾಕಿ. ಪಕ್ಕದ ಬಟ್ಟಲಿನಲ್ಲಿ ನಿಲ್ಲುವ ನೀರನ್ನು ದಿನವೂ ಬಿಡುವುದು ಇದಕ್ಕಿಂತ ಮುಖ್ಯ.

## ಹೊಂದಾಣಿಕೆ

ಹಾಳೆಯ ಒಂದು ಕಡೆ ಮಾತ್ರ ಗುಳ್ಳೆ ಬರುತ್ತೆ. ಪ್ರೆಷರ್ ಜಾಸ್ತಿ ಮಾಡಿದ್ರೂ ಹೋಗಲ್ಲ ಅಣ್ಣ.

ಒಂದೇ ಕಡೆಯ ತೊಂದರೆಗೆ ಎರಡೂ ಕಡೆಯ ಒತ್ತಡ ಏರಿಸುವುದು ಪರಿಹಾರವಲ್ಲ. ರೋಲರುಗಳು ಸಮಾನಾಂತರವಾಗಿಲ್ಲ ಎಂಬುದು ಮೊದಲ ಅನುಮಾನ. ಅದನ್ನು ನೋಡಲು ಕಾರ್ಬನ್ ಹಾಳೆ ಸಾಕು. ರೋಲರ್ ತಣ್ಣಗಿದ್ದು ಬಿಟ್ಟುಕೊಂಡಿರುವಾಗ, ಮುಖ್ಯ ಮೋಟಾರಿನ ಸಂಪರ್ಕಕ್ಕೆ ಬೀಗ ಹಾಕಿರುವಾಗ, ರೋಲರಿನಷ್ಟೇ ಅಗಲದ ಎರಡು ಬಿಳಿ ಹಾಳೆಗಳ ನಡುವೆ ಕಾರ್ಬನ್ ಇಟ್ಟು ಫೀಡ್ ಟೇಬಲ್ ಮೇಲಿನಿಂದ ಉದ್ದನೆಯ ರಟ್ಟಿನಿಂದ ಒಳಗೆ ತಳ್ಳಿ. ಕೈ ಒಳಗೆ ಹೋಗಬೇಕಾಗಿಲ್ಲ. ಎಲ್ಲರ ಕೈಗಳೂ ಹೊರಗಿವೆ ಎಂದು ಒಬ್ಬರು ಗಟ್ಟಿಯಾಗಿ ಹೇಳಿದ ಮೇಲೆ ಒತ್ತಡ ಕೊಟ್ಟು, ಬಿಡಿಸಿ, ಹಾಳೆ ಹೊರತೆಗೆಯಿರಿ.

ಹಾಳೆಯ ಮೇಲೆ ಮೂಡಿದ ಕಪ್ಪು ಪಟ್ಟಿ ಎಲ್ಲವನ್ನೂ ಹೇಳುತ್ತದೆ. ಈ ತುದಿಯಿಂದ ಆ ತುದಿಗೆ ಒಂದೇ ಅಗಲವಿದ್ದರೆ ರೋಲರುಗಳು ಸರಿಯಾಗಿವೆ, ದೋಷ ಬೇರೆಡೆ ಇದೆ. ಒಂದು ತುದಿಯಲ್ಲಿ ಸಣ್ಣಗಾಗುತ್ತಾ ಹೋದರೆ ಆ ಬದಿಯ ಸ್ಕ್ರೂ ಹೊಂದಿಸಬೇಕು. ಎರಡೂ ತುದಿಯಲ್ಲಿ ದಪ್ಪವಾಗಿ ನಡುವೆ ಸಣ್ಣಗಿದ್ದರೆ ರೋಲರ್ ಬಾಗುತ್ತಿದೆ ಅಥವಾ ರಬ್ಬರ್ ನಡುವೆ ಸವೆದಿದೆ. ಆಗ ಸ್ಕ್ರೂ ತಿರುಗಿಸಿ ಪ್ರಯೋಜನವಿಲ್ಲ, ರಬ್ಬರನ್ನು ಗ್ರೈಂಡಿಂಗಿಗೆ ಕಳಿಸಬೇಕು. ಸ್ಕ್ರೂವನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು: ಒಂದು ಸುತ್ತಿಗೆ 1.5 ಮಿ.ಮೀ. ಸರಿಯುವ ಎಂ10 (10 ಮಿ.ಮೀ. ದಪ್ಪದ) ಸ್ಕ್ರೂವಿನಲ್ಲಿ ಕಾಲು ಸುತ್ತು ಎಂದರೆ 0.375 ಮಿ.ಮೀ., ಅದು ಇಲ್ಲಿ ದೊಡ್ಡ ಅಳತೆಯೇ. ತಿರುಗಿಸುವ ಮುನ್ನ ಸ್ಕ್ರೂ ಮತ್ತು ಚೌಕಟ್ಟಿನ ಮೇಲೆ ಮಾರ್ಕರಿನಿಂದ ಒಂದೇ ಗೆರೆ ಎಳೆದರೆ ಹಿಂದಿನ ಸ್ಥಿತಿಗೆ ಮರಳುವ ದಾರಿ ಉಳಿಯುತ್ತದೆ.

ಅಂಟು ಸರಿಯಾಗಿ ಹಿಡೀತಿಲ್ಲ, ಬಿಳಿ ಬಿಳಿ ಕಾಣುತ್ತೆ. ಮೊದಲು ಏನು ಬದಲಿಸಬೇಕು?

ಮೊದಲು ಹಾಳೆಯನ್ನು ಬೆರಳಿನಿಂದ ಸವರಿ ನೋಡಿ. ಆಫ್‌ಸೆಟ್ ಮುದ್ರಣದಲ್ಲಿ ಹಾಳೆಗಳು ಒಂದಕ್ಕೊಂದು ಅಂಟದಿರಲೆಂದು ಹಾಕುವ ಸ್ಪ್ರೇ ಪೌಡರ್ ಹಿಟ್ಟಿನಂತೆ ಬೆರಳಿಗೆ ಹತ್ತಿದರೆ ಅಥವಾ ಶಾಯಿ ಒಣಗದಿದ್ದರೆ ಯಂತ್ರದ್ದು ತಪ್ಪಲ್ಲ. ಹಾಳೆ ಶುಚಿಯಾಗಿದ್ದರೆ ಮೊದಲು ತಾಪಮಾನವನ್ನು 5 ಡಿಗ್ರಿ ಏರಿಸಿ ನೋಡಿ, ಆಮೇಲೆ ಒತ್ತಡ, ಕೊನೆಗೆ ವೇಗ ಇಳಿಸುವುದು. ಒಂದು ಸಲಕ್ಕೆ ಒಂದೇ ಬದಲಾವಣೆ, ಅದರ ಮೇಲೆ ಹತ್ತು ಹಾಳೆ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಗುಣ ಬಂದರೂ ಯಾವುದರಿಂದ ಬಂತೆಂದು ತಿಳಿಯದು.

ಪ್ರೆಷರ್ ಎಷ್ಟು ಬಾರ್ ಇಟ್ರೆ ಒಳ್ಳೇದು? ಜಾಸ್ತಿ ಇದ್ರೆ ಗಟ್ಟಿ ಅಂಟುತ್ತಲ್ವಾ?

ಅಂಟು ಹಿಡಿಯುವಷ್ಟು ಮಾತ್ರ, ಅದಕ್ಕಿಂತ ಹೆಚ್ಚಲ್ಲ. ಗೇಜಿನ ಅಂಕಿ ಸಣ್ಣದಾಗಿ ಕಂಡರೂ ಅದರ ಹಿಂದಿನ ಬಲ ಸಣ್ಣದಲ್ಲ. 100 ಮಿ.ಮೀ. ವ್ಯಾಸದ ಒಂದು ಸಿಲಿಂಡರ್ 6 ಬಾರ್‌ನಲ್ಲಿ ಸುಮಾರು 480 ಕಿಲೋ ಭಾರದಷ್ಟು ಒತ್ತುತ್ತದೆ. ಎರಡು ಬದಿಯೂ ಸೇರಿದರೆ ಒಂದು ಟನ್ನಿನ ಹತ್ತಿರ. ಅಷ್ಟು ಬಲದ ಕೆಳಗೆ ರಬ್ಬರ್ ಬೇಗ ಸವೆಯುತ್ತದೆ, ಬೇರಿಂಗ್ ಬಿಸಿಯಾಗುತ್ತದೆ, ಬೆರಳು ಸಿಕ್ಕಿದರೆ ಉಳಿಯುವುದಿಲ್ಲ.

ಹೀಟ್ ರೋಲರಿನ ಬೇರಿಂಗ್ ಒಂದೇ ವರ್ಷದಲ್ಲಿ ಮೂರು ಸಲ ಹೋಯ್ತು. ಕಂಪನಿ ಮಾಲೇ ಹಾಕಿದ್ದೆವು.

ಎರಡೂ ತುದಿಯ ಬೇರಿಂಗುಗಳನ್ನು ಶಾಫ್ಟಿನ ಉದ್ದದ ದಿಕ್ಕಿನಲ್ಲಿ ಸರಿಯದಂತೆ ಬಿಗಿದಿದ್ದೀರಾ ಎಂದು ನೋಡಿ. ಉಕ್ಕು ಒಂದು ಮೀಟರಿಗೆ ಒಂದು ಡಿಗ್ರಿ ಬಿಸಿಗೆ ಸುಮಾರು 0.012 ಮಿ.ಮೀ. ಬೆಳೆಯುತ್ತದೆ. ಬೆಳಿಗ್ಗೆ 25 ಡಿಗ್ರಿಯಲ್ಲಿದ್ದ ಒಂದು ಮೀಟರಿನ ರೋಲರ್ 105 ಡಿಗ್ರಿ ಮುಟ್ಟಿದಾಗ ಹತ್ತಿರ ಹತ್ತಿರ 1 ಮಿ.ಮೀ. ಉದ್ದವಾಗಿರುತ್ತದೆ. ಆ ಒಂದು ಮಿಲಿಮೀಟರಿಗೆ ಜಾಗ ಕೊಡಲೆಂದೇ ಒಂದು ತುದಿಯನ್ನು ಬಿಗಿಯಾಗಿಯೂ ಇನ್ನೊಂದನ್ನು ಸರಿದಾಡುವಂತೆಯೂ ವಿನ್ಯಾಸ ಮಾಡಿರುತ್ತಾರೆ. ರಿಪೇರಿಗೆ ಬಂದವರು ‘ಅಲ್ಲಾಡುತ್ತಿದೆ’ ಎಂದು ಎರಡನ್ನೂ ಬಿಗಿದರೆ ಬೆಳೆಯುವ ರೋಲರ್ ಗುಂಡುಗಳನ್ನು ಪಕ್ಕದ ಗೋಡೆಗೆ ಒತ್ತಿ ಕೊಲ್ಲುತ್ತದೆ. ಬಿಚ್ಚಿದ ಬೇರಿಂಗಿನ ಓಡುದಾರಿಯಲ್ಲಿ ಹೊಳೆಯುವ ಗೆರೆ ನಡುವೆ ಇರದೆ ಒಂದು ಬದಿಗೆ ಸರಿದಿದ್ದರೆ ಕಾರಣ ಇದೇ.

ಇದೇ ಲೆಕ್ಕದಲ್ಲಿ 300 ಮಿ.ಮೀ. ವ್ಯಾಸದ ರೋಲರ್ ವ್ಯಾಸದಲ್ಲೂ 0.3 ಮಿ.ಮೀ.ನಷ್ಟು ಉಬ್ಬುತ್ತದೆ. ತಣ್ಣಗಿರುವಾಗ ಅಂತರವನ್ನು ಸೊನ್ನೆಗೆ ಹೊಂದಿಸಿದವರಿಗೆ ಬಿಸಿಯಾದ ಮೇಲೆ ಹಾಳೆ ಜಜ್ಜುವುದು ಏಕೆಂದು ಇದರಿಂದ ತಿಳಿಯುತ್ತದೆ. ತಣ್ಣಗೆ ಸಮಾನಾಂತರ ನೋಡಿ, ಅಂತಿಮ ಹೊಂದಾಣಿಕೆಯನ್ನು ಕೆಲಸದ ಬಿಸಿಯಲ್ಲಿ, ಗಾರ್ಡಿನ ಹೊರಗಿರುವ ಚಕ್ರಗಳಿಂದ ಮಾತ್ರ ಮಾಡಿ.

ಲ್ಯಾಮಿನೇಟ್ ಆದ ಹಾಳೆ ಸುರುಳಿ ಸುತ್ತಿಕೊಳ್ಳುತ್ತೆ. ಮಳೆಗಾಲದಲ್ಲಂತೂ ವಿಪರೀತ.

ಎರಡು ಕಾರಣ ಒಟ್ಟಿಗೆ ಕೆಲಸ ಮಾಡುತ್ತವೆ. ಫಿಲ್ಮ್ ಬಿಚ್ಚುವ ಶಾಫ್ಟಿನ ಬ್ರೇಕ್ ಬಿಗಿಯಿದ್ದರೆ ಬಿಸಿಯಲ್ಲಿ ಹಿಗ್ಗಿದ ಫಿಲ್ಮ್ ತಣಿದ ಮೇಲೆ ಕುಗ್ಗಿ ಹಾಳೆಯನ್ನು ತನ್ನ ಕಡೆಗೆ ಎಳೆಯುತ್ತದೆ. ಫಿಲ್ಮಿನಲ್ಲಿ ಸುಕ್ಕು ಬಾರದಷ್ಟಕ್ಕೆ ಬ್ರೇಕನ್ನು ಸಡಿಲಿಸಿ. ಮಳೆಗಾಲದಲ್ಲಿ, ಮಂಗಳೂರು, ಮಣಿಪಾಲದಂತಹ ಕರಾವಳಿಯ ಊರುಗಳ ತೇವದಲ್ಲಿ, ಫಿಲ್ಮಿಲ್ಲದ ಬದಿ ಮಾತ್ರ ತೇವ ಹೀರಿ ಹಿಗ್ಗುವುದರಿಂದ ಹಾಳೆ ಫಿಲ್ಮಿನ ಕಡೆಗೇ ಬಾಗುತ್ತದೆ. ಅದಕ್ಕೆ ಯಂತ್ರದಲ್ಲಿ ಹೊಂದಾಣಿಕೆಯಿಲ್ಲ. ಕಾಗದವನ್ನು ಮುಚ್ಚಿಟ್ಟು, ಬೇಗ ಕತ್ತರಿಸಿ, ಕಟ್ಟಿಡಬೇಕು.

ಗಾರ್ಡ್ ಹಾಕಿದ್ರೆ ಏನೂ ಕಾಣಲ್ಲ. ತೆಗೆದು ಇಂಚಿಂಗ್‌ನಲ್ಲಿ ಹೊಂದಿಸಬಹುದಾ?

ಫಿಲ್ಮ್ ಏರಿಸುವಂತಹ ಕೆಲವು ಕೆಲಸಗಳಿಗೆ ಇಂಚಿಂಗ್, ಎಂದರೆ ಯಂತ್ರವನ್ನು ಸ್ವಲ್ಪ ಸ್ವಲ್ಪವೇ ಓಡಿಸುವುದು, ಬೇಕಾಗುತ್ತದೆ. ಆಗ ಗುಂಡಿ ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ ಯಂತ್ರ ಓಡಬೇಕು, ರೋಲರುಗಳು ಬಿಟ್ಟುಕೊಂಡಿರಬೇಕು, ಗುಂಡಿಯೂ ಕೆಲಸವೂ ಒಬ್ಬರ ಕೈಯಲ್ಲೇ ಇರಬೇಕು. ಒಬ್ಬರು ಒಳಗೆ ನೋಡುತ್ತಾ ‘ಬಿಡು (ಓಡಿಸು), ನಿಲ್ಸು’ ಎಂದು ಕೂಗಿ ಇನ್ನೊಬ್ಬರು ಗುಂಡಿ ಒತ್ತುವ ಪದ್ಧತಿ, ಕಂಪ್ರೆಸರಿನ ಸದ್ದಿನಲ್ಲಿ ‘ಬಿಡಬೇಡ’ ಎಂಬುದು ‘ಬಿಡು’ ಎಂದು ಕೇಳುವ ಒಂದು ದಿನ, ಕೈ ಕಳೆಯುತ್ತದೆ. ಗಾರ್ಡಿನ ಸ್ವಿಚ್ಚಿಗೆ ತಂತಿ ಕಟ್ಟಿ ಮೋಸಗೊಳಿಸುವ ಬದಲು ಗಾರ್ಡಿಗೆ ಪಾರದರ್ಶಕ ಪಾಲಿಕಾರ್ಬೊನೇಟ್ ಹಾಳೆ ಹಾಕಿಸಿ, ಎಲ್ಲವೂ ಕಾಣುತ್ತದೆ.

## ಕೈಮೀರಿದಾಗ, ಕೆಲಸ ಮುಗಿದಾಗ

ಯಾರದ್ದಾದ್ರೂ ಕೈ ಸಿಕ್ಕಿಕೊಂಡ್ರೆ ಮೊದಲು ಏನು ಮಾಡಬೇಕು?

ಕೆಂಪು ಗುಂಡಿ ಒತ್ತಿ, ರೋಲರಿನ ಒತ್ತಡ ಬಿಡಿಸಿ. ಒತ್ತಡ ಬಿಡುವ ಮುನ್ನ ಕೈ ಎಳೆಯಬಾರದು. ಚರ್ಮ ಗವಸಿನಂತೆ ಕಳಚಿ ಬರುತ್ತದೆ. ಕರೆಂಟ್ ಇಲ್ಲದಾಗಲೂ ರೋಲರ್ ಬಿಡಿಸುವ ವಾಲ್ವ್ ಅಥವಾ ಹಿಡಿ ಎಲ್ಲಿದೆ ಎಂಬುದು ಪ್ರತಿ ಪಾಳಿಯವರಿಗೂ ಗೊತ್ತಿರಬೇಕು, ಅದಕ್ಕೆ ಕೆಂಪು ಬಣ್ಣ ಬಳಿದಿರಬೇಕು. 108ಕ್ಕೆ ಕರೆ ಮಾಡಿ. ಉಂಗುರ, ಬಳೆ ತೆಗೆಯಿರಿ. ಸುಟ್ಟ ಜಾಗಕ್ಕೆ 20 ನಿಮಿಷ ಹರಿಯುವ ತಣ್ಣೀರು ಬಿಡಿ. ಟೂತ್‌ಪೇಸ್ಟ್, ಅರಿಶಿನ, ಶಾಯಿ ಏನನ್ನೂ ಹಚ್ಚಬೇಡಿ. ಬೆರಳು ತುಂಡಾಗಿದ್ದರೆ ಒದ್ದೆಯ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಡಿ; ಬೆರಳು ನೇರವಾಗಿ ಮಂಜುಗಡ್ಡೆಗೆ ತಾಗಬಾರದು.

ಗ್ರೀಸ್ ಗನ್ ಕೊಳವೆ ಬಿರಿದು ಅಂಗೈಗೆ ಸಣ್ಣ ಚುಚ್ಚು. ನೋವಿಲ್ಲ. ಬಿಡಬಹುದಾ?

ಬಿಡಲೇಬಾರದು. ಗನ್ನಿನೊಳಗಿನ ಒತ್ತಡ ನೂರಾರು ಬಾರ್ ಮುಟ್ಟುತ್ತದೆ, ಆ ಒತ್ತಡದಲ್ಲಿ ಗ್ರೀಸ್ ಚರ್ಮವನ್ನು ಸೂಜಿಯಂತೆ ತೂರಿ ಒಳಗೆ ಹರಡುತ್ತದೆ. ಮೊದಲ ಗಂಟೆಗಳಲ್ಲಿ ನೋವು, ಊತ ಎರಡೂ ಕಡಿಮೆಯಿರುವುದರಿಂದಲೇ ಜನ ಮೋಸಹೋಗುತ್ತಾರೆ. ಆಮೇಲೆ ಬೆರಳನ್ನೇ ತೆಗೆಯಬೇಕಾಗಬಹುದು. ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ತಕ್ಷಣ ಹೋಗಿ, ಗ್ರೀಸಿನ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ, ‘ಒತ್ತಡದಿಂದ ಗ್ರೀಸ್ ಒಳಗೆ ಹೋಗಿದೆ’ ಎಂದು ಇದೇ ಮಾತಿನಲ್ಲಿ ವೈದ್ಯರಿಗೆ ಹೇಳಿ.

ತೆಗೆದ ಹಳೇ ಎಣ್ಣೆ ಏನು ಮಾಡೋದು?

ಚರಂಡಿಗೆ ಸುರಿಯುವುದೂ ಸುಡುವುದೂ ಅಪರಾಧ. ಬಳಸಿದ ಎಣ್ಣೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಕೆಳಗೆ ಬರುತ್ತದೆ. ಮುಚ್ಚಳವಿರುವ ಡಬ್ಬಿಯಲ್ಲಿ ಹೆಸರು ಬರೆದು ಕೂಡಿಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯಿರುವ ಮರುಸಂಸ್ಕರಣೆದಾರರಿಗೆ ಕೊಡಬೇಕು. ಎಣ್ಣೆ ಬಟ್ಟೆಗಳನ್ನು ಹೀಟರಿನಿಂದ ದೂರ, ಮುಚ್ಚಳದ ಲೋಹದ ಡಬ್ಬಿಯಲ್ಲಿಡಿ.

ಎಲ್ಲಾ ಮುಗೀತು. ಬೀಗ ತೆಗೆಯೋ ಮುಂಚೆ ಏನೇನು ನೋಡಬೇಕು?

ಸ್ಪ್ಯಾನರುಗಳನ್ನು ಎಣಿಸಿ. ಪೆಟ್ಟಿಗೆಯಿಂದ ಎಷ್ಟು ತೆಗೆದಿರೋ ಅಷ್ಟೂ ವಾಪಸು ಬಂದಿರಬೇಕು. ರೋಲರುಗಳ ನಡುವೆ ಉಳಿದ ಒಂದು ಅಲೆನ್ ಕೀ ಕ್ರೋಮ್ ಮೈಯಲ್ಲಿ ಮಾಡುವ ತಗ್ಗು ಮುಂದಿನ ಪ್ರತಿ ಹಾಳೆಯ ಮೇಲೂ ಮೂಡುತ್ತದೆ. ನೆಲದ ಮೇಲೆ ಬಿದ್ದ ಎಣ್ಣೆಯನ್ನು ಮರದ ಹೊಟ್ಟು ಹಾಕಿ ಗುಡಿಸಿ ತೆಗೆಯಿರಿ. ಎಲ್ಲಾ ಗಾರ್ಡುಗಳನ್ನೂ ಕೂರಿಸಿ, ಎಲ್ಲರನ್ನೂ ದೂರ ನಿಲ್ಲಿಸಿದ ಮೇಲೆ ಬೀಗ ಹಾಕಿದವರೇ ಅದನ್ನು ತೆಗೆಯಲಿ. ಪಾಳಿ ಮುಗಿದು ಮನೆಗೆ ಹೊರಟವರು ತಮ್ಮ ಬೀಗ ತೆಗೆದು, ಮುಂದಿನವರು ತಮ್ಮದನ್ನು ಹಾಕಿದ ನಂತರವೇ ಹೊರಡಬೇಕು. ರೋಲರುಗಳು ಬಿಟ್ಟುಕೊಂಡಿರುವಾಗಲೇ ಯಂತ್ರವನ್ನು ನಿಧಾನವಾಗಿ ಓಡಿಸಿ, ಪ್ರತಿ ಕೆಂಪು ಗುಂಡಿಯನ್ನೂ ಒಂದೊಂದಾಗಿ ಒತ್ತಿ ಅದು ನಿಲ್ಲುವುದನ್ನು ನೋಡಿ, ಆಮೇಲೆ ಹೀಟರ್ ಹಾಕಿ. ಬಿಸಿ ಏರುವ ಹೊತ್ತಿನಲ್ಲಿ ಪುಸ್ತಕದಲ್ಲಿ ಬರೆದಿಡಿ: ದಿನಾಂಕ, ಯಾವ ಬೇರಿಂಗ್, ಯಾವ ಗ್ರೀಸ್, ಎಷ್ಟು ಪಂಪ್, ಯಾವ ಸ್ಕ್ರೂ ಎಷ್ಟು ಸುತ್ತು ಯಾವ ಕಡೆಗೆ, ಮತ್ತು ಮಾಡಿದವರ ಹೆಸರು.